ಇಲಾರಿಯಾ ಆಲ್ಪಿ: ಮರಳಿ ಬಾರದ ಟಿಪ್ಪಣಿ ಪುಸ್ತಕಗಳು

ಇಟಲಿಯ ಹಲವು ಊರುಗಳಲ್ಲಿ ಶಾಲೆಗಳ ಹೆಬ್ಬಾಗಿಲ ಮೇಲೆ ಇಲಾರಿಯಾ ಆಲ್ಪಿ ಎಂಬ ಹೆಸರು ಕಾಣಸಿಗುತ್ತದೆ. ಅದು ರಾಣಿಯ ಹೆಸರಲ್ಲ, ಸಂತಳ ಹೆಸರಲ್ಲ, ಕವಯಿತ್ರಿಯ ಹೆಸರೂ ಅಲ್ಲ. 1994ರ ಮಾರ್ಚ್ 20ರಂದು ಸೋಮಾಲಿಯಾದ ರಾಜಧಾನಿ ಮೊಗದಿಶುವಿನ ಬೀದಿಯೊಂದರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ ಹತರಾದ ಟಿ.ವಿ. ವರದಿಗಾರ್ತಿಯೊಬ್ಬರ ಹೆಸರು ಅದು. ಅವರೊಡನೆ ಛಾಯಾಗ್ರಾಹಕ ಮಿರಾನ್ ಹ್ರೊವಾತಿನ್ ಅವರೂ ಪ್ರಾಣ ಕಳೆದುಕೊಂಡರು. ಗುಂಡು ಹಾರಿಸಿದವರು ಯಾರು, ಹಾರಿಸಲು ಹೇಳಿದವರು ಯಾರು ಎಂಬುದು ಮೂರು ದಶಕಗಳು ಕಳೆದರೂ ಯಾವ ನ್ಯಾಯಾಲಯದಲ್ಲಿಯೂ ನಿರ್ಣಯವಾಗಿಲ್ಲ. ಅವರು ಹುಡುಕುತ್ತಿದ್ದ ವಿಷಯವಾದರೋ ಎಲ್ಲರಿಗೂ ಗೊತ್ತಿತ್ತು: ಯುದ್ಧದಲ್ಲಿ ಬೇಯುತ್ತಿದ್ದ ಬಡ ದೇಶಕ್ಕೆ ಹೊರಗಿನಿಂದ ಬರುತ್ತಿದ್ದ ಶಸ್ತ್ರಾಸ್ತ್ರಗಳ ದಾರಿ.

ಇಲಾರಿಯಾ 1961ರ ಮೇ 24ರಂದು ರೋಮ್ ನಗರದಲ್ಲಿ ಜನಿಸಿದರು. ತಂದೆ ಜಾರ್ಜೊ ಆಲ್ಪಿ ವೈದ್ಯರು, ತಾಯಿ ಲುಚಾನಾ. ಈ ದಂಪತಿಗೆ ಆಕೆ ಒಬ್ಬಳೇ ಮಗಳು. ರೋಮ್‌ನ ಪ್ರೌಢಶಾಲೆಯಲ್ಲಿ ಓದು ಮುಗಿಸಿದ ಬಳಿಕ ಲಾ ಸಪಿಯೆಂಜಾ ವಿಶ್ವವಿದ್ಯಾಲಯವನ್ನು ಸೇರಿ ಅರಬ್ಬೀ ಭಾಷೆಯನ್ನೂ ಇಸ್ಲಾಮೀ ಸಂಸ್ಕೃತಿಯನ್ನೂ ವಿಶೇಷವಾಗಿ ಅಭ್ಯಸಿಸಿದರು. ಐರೋಪ್ಯ ತರುಣ ತರುಣಿಯರು ಇಂಗ್ಲಿಷನ್ನೋ ಫ್ರೆಂಚನ್ನೋ ಕಲಿತು ತೃಪ್ತರಾಗುತ್ತಿದ್ದ ಕಾಲದಲ್ಲಿ ಇವರು ಅವೆರಡನ್ನೂ ಕಲಿತು, ಅದರ ಮೇಲೆ ಬಲದಿಂದ ಎಡಕ್ಕೆ ಬರೆಯುವ, ವ್ಯಾಕರಣದಲ್ಲಿ ಕಠಿಣವಾದ ಭಾಷೆಯೊಂದನ್ನು ಆರಿಸಿಕೊಂಡರು. ಮುಂದೆ ಅವರ ಬದುಕಿನ ದಾರಿಯನ್ನೆಲ್ಲ ನಿರ್ಣಯಿಸಿದ್ದು ಈ ಆಯ್ಕೆಯೇ.

ಕಲಿತ ಭಾಷೆ ಪುಸ್ತಕದಲ್ಲೇ ಉಳಿಯಬಾರದೆಂದು ಅವರು ಈಜಿಪ್ಟಿನ ಕೈರೋ ನಗರಕ್ಕೆ ತೆರಳಿ ಕೆಲವು ವರ್ಷ ಅಲ್ಲಿಯೇ ನೆಲೆಸಿದರು. ಪಾಯೆಸೆ ಸೆರಾ ಮತ್ತು ಲುನಿತಾ ಎಂಬ ಇಟಾಲಿಯನ್ ದಿನಪತ್ರಿಕೆಗಳಿಗೆ ಅಲ್ಲಿಂದ ವರದಿಗಳನ್ನು ಕಳುಹಿಸಿದರು. ತರುವಾಯ ಇಟಲಿಯ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ರಾಯ್ ನಡೆಸಿದ ಸ್ಪರ್ಧಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಅದರ ಮೂರನೆಯ ವಾಹಿನಿಯ ಸುದ್ದಿ ವಿಭಾಗವನ್ನು ಸೇರಿದರು. ಶಿಫಾರಸಿನಿಂದಲ್ಲ, ಪರೀಕ್ಷೆ ಬರೆದು ಪಡೆದ ಕೆಲಸ ಅದು.

ಈಗ ಸೋಮಾಲಿಯಾದ ಕಡೆಗೆ ತಿರುಗಬೇಕು. ಆಫ್ರಿಕಾದ ಪೂರ್ವ ಮೂಲೆಯಲ್ಲಿ ಕೊಂಬಿನಂತೆ ಚಾಚಿಕೊಂಡಿರುವ ಈ ದೇಶದ ದಕ್ಷಿಣ ಭಾಗ ಇಟಲಿಯ ವಸಾಹತಾಗಿತ್ತು. 1960ರಲ್ಲಿ ದೇಶ ಸ್ವತಂತ್ರವಾದ ಮೇಲೂ ಇಟಲಿಯ ನಂಟು ಕಡಿಯಲಿಲ್ಲ. ಸೋಮಾಲಿ ಭಾಷೆಗೆ ಅಧಿಕೃತ ಲಿಪಿ ದೊರೆತದ್ದೇ 1972ರಲ್ಲಿ. ಅದಾದ ಬಳಿಕವೂ ಮೊಗದಿಶುವಿನ ವಿಶ್ವವಿದ್ಯಾಲಯದಲ್ಲಿ ಬಹುತೇಕ ವಿಷಯಗಳನ್ನು ಇಟಾಲಿಯನ್ ಭಾಷೆಯಲ್ಲಿಯೇ ಬೋಧಿಸಲಾಗುತ್ತಿತ್ತು. ಅಭಿವೃದ್ಧಿ ನೆರವಿನ ಹೆಸರಿನಲ್ಲಿ ಇಟಲಿಯಿಂದ ಅಪಾರ ಹಣ ಹರಿಯಿತು. ರಸ್ತೆಗಳಾದವು, ಮೀನುಗಾರಿಕೆಗೆ ಹಡಗುಗಳನ್ನು ಕೊಡಲಾಯಿತು. ಆ ಹಣದ ಎಷ್ಟು ಪಾಲು ಜನರನ್ನು ತಲುಪಿತು, ಎಷ್ಟು ಪಾಲು ಎರಡೂ ದೇಶಗಳ ಪ್ರಭಾವಿಗಳ ಕಿಸೆ ಸೇರಿತು ಎಂಬ ಪ್ರಶ್ನೆ ಇಟಲಿಯಲ್ಲಿಯೇ ಎದ್ದಿತ್ತು. 1991ರ ಜನವರಿಯಲ್ಲಿ ಸರ್ವಾಧಿಕಾರಿ ಸಿಯಾದ್ ಬರ್ರೆ ಪದಚ್ಯುತನಾದನು. ಕುಲ ಕುಲಗಳ ನಡುವೆ ಅಂತರ್ಯುದ್ಧ ಹೊತ್ತಿಕೊಂಡಿತು, ಕ್ಷಾಮವೂ ಕಾಲಿಟ್ಟಿತು. 1992ರ ಡಿಸೆಂಬರಿನಲ್ಲಿ ಅಮೆರಿಕದ ನೇತೃತ್ವದಲ್ಲಿ ಅಂತಾರಾಷ್ಟ್ರೀಯ ಪಡೆಗಳು ಬಂದಿಳಿದವು. ಇಟಲಿಯ ಸೈನಿಕರು ಬಂದರು. ಮರುವರ್ಷ ವಿಶ್ವಸಂಸ್ಥೆಯ ಶಾಂತಿಪಾಲನಾ ಕಾರ್ಯದ ಅಂಗವಾಗಿ ನಮ್ಮ ಭಾರತೀಯ ಸೇನೆಯ ತುಕಡಿಯೂ ಬೈದೋವಾ ಪ್ರದೇಶದಲ್ಲಿ ಸೇವೆ ಸಲ್ಲಿಸಿತು.

ಇಟಲಿಯ ಪಡೆಗಳ ಬೆನ್ನಿಗೆ 1992ರ ಡಿಸೆಂಬರಿನಲ್ಲಿಯೇ ಇಲಾರಿಯಾ ಮೊದಲ ಬಾರಿಗೆ ಮೊಗದಿಶುವಿಗೆ ಹೋದರು. ಅಲ್ಲಿಂದ ಮುಂದಿನ ಹದಿನೈದು ತಿಂಗಳುಗಳಲ್ಲಿ ಅವರು ಆ ದೇಶಕ್ಕೆ ಕೈಗೊಂಡ ಪ್ರವಾಸಗಳು ಏಳು. ಯುದ್ಧಭೂಮಿಗೆ ಬರುವ ವರದಿಗಾರರಲ್ಲಿ ಎರಡು ಬಗೆ. ಸೇನಾ ಶಿಬಿರದಲ್ಲಿ ಕುಳಿತು ಅಧಿಕಾರಿಗಳು ಕೊಟ್ಟ ಹೇಳಿಕೆಯನ್ನು ರವಾನಿಸುವವರು ಒಂದು ಬಗೆಯವರು. ಶಿಬಿರದ ಬೇಲಿಯಾಚೆ ಹೋಗಿ ಊರಿನವರನ್ನು ಮಾತನಾಡಿಸುವವರು ಇನ್ನೊಂದು ಬಗೆಯವರು. ಇಲಾರಿಯಾ ಎರಡನೆಯ ಬಗೆಗೆ ಸೇರಿದವರು. ಅವರ ಅರಬ್ಬೀ ಇಲ್ಲಿ ಕೆಲಸಕ್ಕೆ ಬಂತು. ದುಭಾಷಿಯ ಬಾಯಿಯಿಂದ ಸೋಸಿ ಬರುವ ಮಾತಿಗೂ ಎದುರಿಗಿದ್ದವರು ನೇರವಾಗಿ ಆಡುವ ಮಾತಿಗೂ ಇರುವ ಅಂತರ ಅವರಿಗೆ ತಿಳಿದಿತ್ತು. ಯುದ್ಧದ ನಡುವೆ ಸಂಸಾರ ನಡೆಸುವ ಹೆಂಗಸರ ಪಾಡು, ಆಸ್ಪತ್ರೆಗಳು, ಅನಾಥ ಮಕ್ಕಳು ಅವರ ವರದಿಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡರು.

ಹೀಗೆ ಅಡ್ಡಾಡುವಾಗಲೇ ಒಂದು ಪ್ರಶ್ನೆ ಅವರನ್ನು ಹಿಡಿದುಕೊಂಡಿತು. ಬಂದೂಕು ತಯಾರಿಸದ ದೇಶದಲ್ಲಿ ಹದಿಹರೆಯದ ಹುಡುಗರ ಹೆಗಲಿಗೂ ಬಂದೂಕು ಬಂದದ್ದು ಎಲ್ಲಿಂದ? ಅರ್ಧ ಉತ್ತರ ಸುಲಭವಾಗಿತ್ತು. 1977ರವರೆಗೆ ಸೋವಿಯತ್ ಒಕ್ಕೂಟ, ಆಮೇಲೆ ಅಮೆರಿಕ ಮತ್ತು ಇಟಲಿ ಬರ್ರೆಯ ಸೇನೆಗೆ ಶಸ್ತ್ರ ಒದಗಿಸಿದ್ದವು. ಸೇನೆ ಒಡೆದು ಚೂರಾದಾಗ ಉಗ್ರಾಣಗಳು ಲೂಟಿಯಾದವು. ಉಳಿದ ಅರ್ಧ ಕಠಿಣವಾದದ್ದು. 1992ರ ಜನವರಿ 23ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತನ್ನ 733ನೆಯ ನಿರ್ಣಯದ ಮೂಲಕ ಸೋಮಾಲಿಯಾಕ್ಕೆ ಶಸ್ತ್ರ ಪೂರೈಸುವುದನ್ನು ಸಂಪೂರ್ಣವಾಗಿ ನಿಷೇಧಿಸಿತ್ತು. ಆದರೂ ಮದ್ದುಗುಂಡುಗಳಿಗೆ ಬರ ಬರಲಿಲ್ಲ.

ಇಂಥ ವ್ಯಾಪಾರ ನಡೆಯುವ ರೀತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಶಸ್ತ್ರಗಳನ್ನು ಮಾರುವಾಗ ಅವು ಕೊನೆಗೆ ಯಾವ ದೇಶದ ಕೈ ಸೇರುತ್ತವೆ ಎಂದು ತೋರಿಸುವ ಪ್ರಮಾಣಪತ್ರ ಬೇಕಾಗುತ್ತದೆ. ದಲ್ಲಾಳಿ ಆ ಪತ್ರದಲ್ಲಿ ನಿರ್ಬಂಧವಿಲ್ಲದ ಬೇರೊಂದು ದೇಶದ ಹೆಸರನ್ನು ಬರೆಸುತ್ತಾನೆ. ಸರಕು ಬಂದರಿನಿಂದ ನ್ಯಾಯವಾಗಿಯೇ ಹೊರಡುತ್ತದೆ. ನಡುಸಮುದ್ರದಲ್ಲಿ ಇನ್ನೊಂದು ಹಡಗಿಗೆ ವರ್ಗವಾಗಿ, ಯಾರೂ ಎಣಿಸದ ತೀರದಲ್ಲಿ ಇಳಿಯುತ್ತದೆ. ಹಣ ಮೂರನೆಯ ದೇಶದ ಬ್ಯಾಂಕಿನಲ್ಲಿ ಕೈ ಬದಲಾಯಿಸುತ್ತದೆ. ಕಾಗದದಲ್ಲಿ ಎಲ್ಲವೂ ನೆಟ್ಟಗಿರುವುದರಿಂದ ಇದನ್ನು ಹಿಡಿಯಬೇಕಾದರೆ ಕಾಗದ ಬಿಟ್ಟು ಬಂದರಿಗೆ ಹೋಗಿ ಹಡಗನ್ನು ನೋಡಬೇಕು, ಹಡಗಿಳಿಸಿದವರನ್ನು ಕೇಳಬೇಕು. ಇಟಲಿ ನೆರವಾಗಿ ಕೊಟ್ಟಿದ್ದ ಮೀನುಗಾರಿಕಾ ಹಡಗುಗಳನ್ನು ನಡೆಸುತ್ತಿದ್ದ ಶಿಫ್ಕೊ ಎಂಬ ಕಂಪನಿಯ ಸುತ್ತ ಇಂಥ ಆರೋಪಗಳಿದ್ದವು: ಮೀನು ಒಯ್ಯುವ ಹಡಗುಗಳು ಬರುವಾಗ ಬೇರೇನನ್ನೋ ತರುತ್ತವೆ ಎಂಬುದು. ಯೂರೋಪಿನ ಕಾರ್ಖಾನೆಗಳ ವಿಷಯುಕ್ತ ತ್ಯಾಜ್ಯವನ್ನು ಸೋಮಾಲಿಯಾದ ನೆಲದಲ್ಲಿ ಹೂಳಲಾಗುತ್ತಿದೆ, ಅದಕ್ಕೆ ಪ್ರತಿಫಲವಾಗಿ ಶಸ್ತ್ರ ಸಿಗುತ್ತಿದೆ ಎಂಬ ಸಂಶಯವೂ ಸೇರಿಕೊಂಡಿತ್ತು. ಇವು ಆರೋಪಗಳು. ನ್ಯಾಯಾಲಯದಲ್ಲಿ ಸಾಬೀತಾದ ಸಂಗತಿಗಳಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಇಲಾರಿಯಾ ಅವರು ಮಾಡಹೊರಟದ್ದು ಅವುಗಳ ಸತ್ಯಾಸತ್ಯತೆಯನ್ನು ಸ್ಥಳದಲ್ಲಿಯೇ ಪರೀಕ್ಷಿಸುವ ಕೆಲಸವನ್ನು.

1994ರ ಮಾರ್ಚ್‌ನಲ್ಲಿ ಇಟಲಿಯ ಸೈನಿಕರು ಮನೆಗೆ ಮರಳುವ ಸಮಯ ಬಂತು. ಆ ನಿರ್ಗಮನದ ವರದಿಗಾಗಿ ಇಲಾರಿಯಾ ಏಳನೆಯ ಬಾರಿ ಹೊರಟರು. ಈ ಸಲ ಜೊತೆಗೆ ಬಂದ ಛಾಯಾಗ್ರಾಹಕರೇ ಮಿರಾನ್ ಹ್ರೊವಾತಿನ್. ಇವರ ವಿಷಯದಲ್ಲಿ ಎರಡು ಮಾತು ಹೆಚ್ಚಾಗಿ ಹೇಳದೆ ಮುಂದುವರಿಯುವುದು ಈ ಪುಟದಲ್ಲಿ ಸಲ್ಲದು. ಮಿರಾನ್ 1949ರ ಸೆಪ್ಟೆಂಬರ್ 11ರಂದು ಟ್ರಿಯೆಸ್ತೆಯಲ್ಲಿ ಹುಟ್ಟಿದವರು, ಅಲ್ಲಿನ ಸ್ಲೊವೇನಿಯನ್ ಭಾಷಿಕ ಅಲ್ಪಸಂಖ್ಯಾತ ಸಮುದಾಯಕ್ಕೆ ಸೇರಿದವರು. ಅವರು ಹುಟ್ಟಿದಾಗ ಆ ಗಡಿ ನಗರ ಯಾವ ದೇಶಕ್ಕೆ ಸೇರಬೇಕೆಂಬುದೇ ಇತ್ಯರ್ಥವಾಗಿರಲಿಲ್ಲ; ಇಟಲಿಯ ಆಡಳಿತಕ್ಕೆ ಅದು ಮರಳಿದ್ದು 1954ರಲ್ಲಿ. ಫ್ಯಾಸಿಸ್ಟ್ ಆಳ್ವಿಕೆಯಲ್ಲಿ ಸ್ಲೊವೇನಿಯನ್ ಮಾಧ್ಯಮದ ಶಾಲೆಗಳನ್ನು ಮುಚ್ಚಿಸಲಾಗಿತ್ತು, ಮನೆತನದ ಹೆಸರುಗಳನ್ನೂ ಇಟಾಲಿಯನ್ ರೂಪಕ್ಕೆ ತಿರುಚಲಾಗಿತ್ತು. ಮಹಾಯುದ್ಧ ಮುಗಿದ ಮೇಲೆ ಶಾಲೆಗಳು ಪುನಃ ತೆರೆದವು. ಗೆರೆಯ ಆಚೆಗೆ ಉಳಿದ ಭಾಷಿಕರ ಬದುಕು ಎಂಥದೆಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯುಗೊಸ್ಲಾವಿಯ ಛಿದ್ರವಾದಾಗ ಅಲ್ಲಿನ ಯುದ್ಧವನ್ನು ಚಿತ್ರೀಕರಿಸಿ ಪಳಗಿದ ಮಿರಾನ್‌ಗೆ ಸೋಮಾಲಿಯಾ ಹೊಸದು. ಅವರು ಹೊರಡುವುದಕ್ಕೆ ಎರಡು ತಿಂಗಳೂ ಮುಂಚೆ ಇರಲಿಲ್ಲ, ಜನವರಿ 28ರಂದು, ಅದೇ ಟ್ರಿಯೆಸ್ತೆಯ ಮೂವರು ರಾಯ್ ಸಿಬ್ಬಂದಿ ಬೊಸ್ನಿಯಾದ ಮೊಸ್ತಾರ್ ನಗರದಲ್ಲಿ ಮಕ್ಕಳ ಸ್ಥಿತಿಗತಿಯನ್ನು ಚಿತ್ರೀಕರಿಸುತ್ತಿದ್ದಾಗ ಸ್ಫೋಟಕ್ಕೆ ಬಲಿಯಾಗಿದ್ದರು. ಇಂದು ಆ ಮೂವರ ಮತ್ತು ಮಿರಾನ್ ಅವರ ಹೆಸರುಗಳನ್ನು ಹೊತ್ತ ಪ್ರತಿಷ್ಠಾನವೊಂದು ಟ್ರಿಯೆಸ್ತೆಯಲ್ಲಿದೆ. ಯುದ್ಧದಲ್ಲಿ ಗಾಯಗೊಂಡ ಮಕ್ಕಳಿಗೂ ಸ್ವದೇಶದಲ್ಲಿ ಚಿಕಿತ್ಸೆ ದೊರೆಯದ ಮಕ್ಕಳಿಗೂ ಅದು ಆಸರೆ ನೀಡುತ್ತಿದೆ.

ಇಬ್ಬರೂ ಮೊಗದಿಶುವಿನಲ್ಲಿಯೇ ಉಳಿದು ಸೈನಿಕರ ನಿರ್ಗಮನವನ್ನು ಚಿತ್ರೀಕರಿಸಿದ್ದರೆ ಸಾಕಾಗುತ್ತಿತ್ತು. ಅವರು ಹಾಗೆ ಮಾಡದೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಏಡನ್ ಕೊಲ್ಲಿಯ ದಡದಲ್ಲಿರುವ ಬೊಸಾಸೊ ಬಂದರಿಗೆ ವಿಮಾನದಲ್ಲಿ ಹೋದರು. ಶಿಫ್ಕೊ ಕಂಪನಿಯ ಫರಾಹ್ ಒಮರ್ ಎಂಬ ಹಡಗನ್ನು ಅಲ್ಲಿನ ಸಶಸ್ತ್ರ ಗುಂಪು ತಡೆದು ವಶಪಡಿಸಿಕೊಂಡಿತ್ತು. ಇಲಾರಿಯಾ ಅಲ್ಲಿನ ಸಾಂಪ್ರದಾಯಿಕ ಮುಖಂಡರನ್ನು, ಬೊಸಾಸೊದ ಸುಲ್ತಾನರೆಂದು ಕರೆಯಲ್ಪಡುತ್ತಿದ್ದವರನ್ನು, ದೀರ್ಘವಾಗಿ ಸಂದರ್ಶಿಸಿದರು. ಆ ಸಂದರ್ಶನದ ಒಂದು ಸಣ್ಣ ಭಾಗ ಮಾತ್ರ ಈಗ ಲಭ್ಯವಿದೆ. ಅದರಲ್ಲಿ ಅವರು ಕೇಳುವುದು ಹಡಗುಗಳ ಬಗ್ಗೆ. ಎದುರಿಗಿದ್ದವರ ಉತ್ತರಗಳು ಅಳೆದು ಸುರಿದಂತಿವೆ. ಮರಳಬೇಕಾಗಿದ್ದ ವಿಮಾನ ತಪ್ಪಿದ್ದರಿಂದ ಇಬ್ಬರೂ ಇನ್ನೂ ಕೆಲವು ದಿನ ಬೊಸಾಸೊದಲ್ಲಿಯೇ ಉಳಿಯಬೇಕಾಯಿತು.

ಮಾರ್ಚ್ 20, ಭಾನುವಾರ, ಅವರು ಮೊಗದಿಶುವಿಗೆ ಹಿಂದಿರುಗಿದರು. ಇಲಾರಿಯಾ ರೋಮ್‌ಗೆ ದೂರವಾಣಿ ಕರೆ ಮಾಡಿ ತಾಯಿಯೊಂದಿಗೆ ಮಾತನಾಡಿದರು. ಸಂಜೆಯ ವಾರ್ತೆಗೆ ವರದಿ ಕಳುಹಿಸುವ ಉದ್ದೇಶವಿತ್ತು. ಅದಕ್ಕೆ ಮುಂಚೆ, ನಗರವನ್ನು ಇಬ್ಭಾಗ ಮಾಡಿದ್ದ ಹಸಿರು ಗೆರೆಯನ್ನು ದಾಟಿ ಉತ್ತರ ಭಾಗದ ಅಮಾನಾ ಹೋಟೆಲಿಗೆ ಹೋದರು. ಅಲ್ಲಿಂದ ಹೊರಟ ಕೆಲವೇ ಕ್ಷಣಗಳಲ್ಲಿ, ಹಳೆಯ ಇಟಾಲಿಯನ್ ರಾಯಭಾರ ಕಚೇರಿಯ ಸಮೀಪದಲ್ಲಿ, ಸಶಸ್ತ್ರ ವ್ಯಕ್ತಿಗಳಿದ್ದ ಲ್ಯಾಂಡ್ ರೋವರ್ ಒಂದು ಅವರ ಟೊಯೊಟಾ ವಾಹನಕ್ಕೆ ಅಡ್ಡ ಬಂತು. ಚಾಲಕನೂ ಅಂಗರಕ್ಷಕನೂ ಬದುಕಿಕೊಂಡರು. ಹಿಂದೆ ಮುಂದೆ ಕುಳಿತಿದ್ದ ಇಬ್ಬರು ಪತ್ರಕರ್ತರೂ ತಲೆಗೆ ಗುಂಡು ತಗುಲಿ ಮೃತರಾದರು.

ಕೊಲೆಯಷ್ಟೇ ಕಳವಳಕಾರಿಯಾದದ್ದು ಅನಂತರ ನಡೆದದ್ದು. ಪಾರ್ಥಿವ ಶರೀರಗಳನ್ನು ಇಟಲಿಯ ಗಾರಿಬಾಲ್ಡಿ ಯುದ್ಧನೌಕೆಗೆ ಒಯ್ದು ವೈದ್ಯರು ಮೇಲ್ನೋಟದ ಪರೀಕ್ಷೆ ನಡೆಸಿದರು. ಮೃತರ ಸಾಮಾನುಗಳನ್ನು ಪಟ್ಟಿ ಮಾಡಿ ಚೀಲಗಳಿಗೆ ಮುದ್ರೆಯೊತ್ತಲಾಯಿತು. ಚೀಲಗಳು ರೋಮ್ ತಲುಪಿದಾಗ ಮುದ್ರೆಗಳು ಒಡೆದಿದ್ದವು. ಇಲಾರಿಯಾ ಅವರ ಟಿಪ್ಪಣಿ ಪುಸ್ತಕಗಳಲ್ಲಿ ಕೆಲವು ಮಾಯವಾಗಿದ್ದವು. ಹೊಡೆದವರು ಸೋಮಾಲಿ ದರೋಡೆಕೋರರೇ ಆಗಿದ್ದರೆ ಅವರಿಗೆ ಇಟಾಲಿಯನ್ ಭಾಷೆಯ ಟಿಪ್ಪಣಿಗಳಿಂದ ಆಗಬೇಕಾದದ್ದೇನು? ಅಲ್ಲದೆ ಅವು ಕಾಣೆಯಾದದ್ದು ಹಾಡಹಗಲಲ್ಲಿ ಮೊಗದಿಶುವಿನ ಬೀದಿಯಲ್ಲಿ ಅಲ್ಲ, ಮುದ್ರೆ ಬಿದ್ದ ಮೇಲೆ, ಮನೆಗೆ ಬರುವ ದಾರಿಯಲ್ಲಿ. ಈ ಒಂದು ಸಂಗತಿಯೇ ಉಳಿದ ಎಲ್ಲ ಊಹಾಪೋಹಗಳಿಗಿಂತ ತೂಕದ್ದೆಂದು ನನ್ನ ಅಭಿಪ್ರಾಯ.

ಮಿರಾನ್ ಅವರ ಮರಣೋತ್ತರ ಪರೀಕ್ಷೆಯನ್ನು ಟ್ರಿಯೆಸ್ತೆಯಲ್ಲಿ ಮಾಡಲಾಯಿತು. ರೋಮ್‌ನಲ್ಲಿ ಇಲಾರಿಯಾ ಅವರ ಶವಪರೀಕ್ಷೆ ನಡೆಯಲೇ ಇಲ್ಲ. ಎರಡು ವರ್ಷಗಳ ತರುವಾಯ, 1996ರಲ್ಲಿ, ಸಮಾಧಿಯಿಂದ ಹೊರತೆಗೆದು ಆ ಕೆಲಸ ಮಾಡಬೇಕಾಯಿತು. ಗುಂಡು ತೀರ ಹತ್ತಿರದಿಂದ ಗುರಿಯಿಟ್ಟು ಹಾರಿಸಿದ್ದೋ ದೂರದಿಂದ ಬಂದದ್ದೋ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತ ಮೂಡಲಿಲ್ಲ. ಹತ್ತಿರದಿಂದ ಎಂದಾದರೆ ಅದು ಆಜ್ಞೆಯಂತೆ ನಡೆದ ವಧೆ. ದೂರದಿಂದ ಎಂದಾದರೆ ಕೈಮೀರಿದ ದರೋಡೆಯೆಂದು ವಾದಿಸಬಹುದು. ಮೊದಲ ವಾರದಲ್ಲಿಯೇ ತೀರಬಹುದಾಗಿದ್ದ ಪ್ರಶ್ನೆಯೊಂದು ಹೀಗೆ ದಶಕಗಳ ವಾದಕ್ಕೆ ವಸ್ತುವಾಯಿತು. ತನಿಖೆ ಒಬ್ಬ ಅಭಿಯೋಜಕರಿಂದ ಮತ್ತೊಬ್ಬರ ಕೈಗೆ ದಾಟುತ್ತ ಹೋಯಿತು.

1998ರ ಜನವರಿಯಲ್ಲಿ ಹಾಶಿ ಒಮರ್ ಹಸನ್ ಎಂಬ ಸೋಮಾಲಿ ತರುಣ ರೋಮ್‌ಗೆ ಬಂದನು. ಸೋಮಾಲಿಯಾದಲ್ಲಿ ಇಟಾಲಿಯನ್ ಸೈನಿಕರು ನಡೆಸಿದರೆನ್ನಲಾದ ದೌರ್ಜನ್ಯಗಳ ವಿಚಾರಣಾ ಆಯೋಗದ ಮುಂದೆ ಸಾಕ್ಷಿ ಹೇಳಲು ಅವನನ್ನು ಕರೆಸಲಾಗಿತ್ತು. ದೂರು ಹೇಳಲು ಬಂದವನನ್ನು ಆರೋಪಿಯಾಗಿ ಬಂಧಿಸಲಾಯಿತು. ಪತ್ರಕರ್ತರನ್ನು ಕೊಂದ ಗುಂಪಿನಲ್ಲಿ ಅವನೂ ಇದ್ದನೆಂದು ಒಬ್ಬ ಸೋಮಾಲಿ ವ್ಯಕ್ತಿ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದನು. ಹೇಳಿಕೆ ಕೊಟ್ಟವನು ನ್ಯಾಯಾಲಯಕ್ಕೆ ಬರಲೇ ಇಲ್ಲ, ಇಟಲಿಯಿಂದಲೇ ಕಣ್ಮರೆಯಾದನು. 1999ರಲ್ಲಿ ಕೆಳ ನ್ಯಾಯಾಲಯ ಹಾಶಿಯನ್ನು ಬಿಡುಗಡೆ ಮಾಡಿತು. 2000ದಲ್ಲಿ ಮೇಲ್ಮನವಿ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಕೊನೆಗೆ ಇಪ್ಪತ್ತಾರು ವರ್ಷಗಳ ಸೆರೆವಾಸ ಕಾಯಂ ಆಯಿತು. ಒಮ್ಮೆಯೂ ಪಾಟೀಸವಾಲಿಗೆ ಗುರಿಯಾಗದ ಸಾಕ್ಷಿಯ ಮಾತಿನ ಮೇಲೆ ಒಬ್ಬ ಮನುಷ್ಯನ ಯೌವನ ಹೋಯಿತು.

ಇಲ್ಲಿ ಜಾರ್ಜೊ ಮತ್ತು ಲುಚಾನಾ ದಂಪತಿಯ ನಡತೆಯನ್ನು ನೆನೆಯಬೇಕು. ಒಬ್ಬಳೇ ಮಗಳನ್ನು ಕಳೆದುಕೊಂಡ ತಂದೆತಾಯಿಗೆ, ಯಾರೋ ಒಬ್ಬ ಜೈಲು ಸೇರಿದನೆಂದರೆ ಅಷ್ಟರ ಮಟ್ಟಿಗೆ ಸಮಾಧಾನವಾಗುವುದು ಸಹಜ. ಅಧಿಕಾರದಲ್ಲಿದ್ದವರಿಗೂ ಅದೇ ಅನುಕೂಲವಾಗಿತ್ತು. ಈ ದಂಪತಿ ಮಾತ್ರ ಹಾಶಿ ನಿರಪರಾಧಿ, ಅವನನ್ನು ಬಲಿಪಶುವನ್ನಾಗಿ ಮಾಡಲಾಗಿದೆ ಎಂದು ಬಹಿರಂಗವಾಗಿಯೇ ಸಾರುತ್ತ ಬಂದರು. ಸುಳ್ಳು ಉತ್ತರವನ್ನು ಸ್ವೀಕರಿಸಿದರೆ ನಿಜವಾದ ಪ್ರಶ್ನೆ ಮುಚ್ಚಿಹೋಗುತ್ತದೆಂಬ ಅರಿವು ಅವರಿಗಿತ್ತು. ದಾಖಲೆಗಳನ್ನು ಕೂಡಿಸಿದರು, ಇತರರೊಡನೆ ಸೇರಿ ಪುಸ್ತಕ ಪ್ರಕಟಿಸಿದರು, ನ್ಯಾಯಾಲಯದ ಮೆಟ್ಟಿಲುಗಳನ್ನು ಹತ್ತಿದರು. ಮಗಳ ಹೆಸರಿನ ಪತ್ರಿಕೋದ್ಯಮ ಪ್ರಶಸ್ತಿಯೊಂದು 1995ರಿಂದ ಸುಮಾರು ಎರಡು ದಶಕಗಳ ಕಾಲ ನಡೆಯಿತು. 2003ರಲ್ಲಿ ಅವಳ ಕಥೆ ಚಲನಚಿತ್ರವೂ ಆಯಿತು.

ಅದೇ ವರ್ಷ ಇಟಲಿಯ ಸಂಸತ್ತು ಈ ಸಾವುಗಳ ಬಗ್ಗೆಯೇ ಒಂದು ವಿಚಾರಣಾ ಸಮಿತಿಯನ್ನು ರಚಿಸಿತು. 2006ರಲ್ಲಿ ಅದರ ಬಹುಮತದ ವರದಿ ಬಂತು: ಇದು ಅಪಹರಣದ ವಿಫಲ ಯತ್ನವಿರಬೇಕು, ಪತ್ರಕರ್ತರ ಶೋಧಕ್ಕೂ ಸಾವಿಗೂ ಸಂಬಂಧವಿಲ್ಲ ಎಂಬುದು ಅದರ ಸಾರ. ಒಪ್ಪದ ಸದಸ್ಯರು ಬೇರೆ ವರದಿಗಳನ್ನು ಬರೆದರು. ಪ್ರಕರಣವನ್ನು ಮುಚ್ಚಬೇಕೆಂಬ ಅಭಿಯೋಜಕರ ಕೋರಿಕೆಯನ್ನು ರೋಮ್‌ನ ನ್ಯಾಯಾಧೀಶರು 2007ರಲ್ಲಿ ತಳ್ಳಿಹಾಕಿದರು. ಗುಪ್ತವೆಂದು ಕಟ್ಟಿಡಲಾಗಿದ್ದ ಅನೇಕ ದಾಖಲೆಗಳು 2014ರಲ್ಲಿ ಸಾರ್ವಜನಿಕರಿಗೆ ತೆರೆದವು. ತಂದೆ ಜಾರ್ಜೊ ಅದನ್ನು ನೋಡಲು ಇರಲಿಲ್ಲ. 2010ರಲ್ಲಿ ಅವರು ತೀರಿಕೊಂಡಿದ್ದರು.

ಹೇಳಿಕೆ ಕೊಟ್ಟು ಮರೆಯಾಗಿದ್ದವನು 2015ರಲ್ಲಿ ಇಂಗ್ಲೆಂಡಿನಲ್ಲಿ ಪತ್ತೆಯಾದನು. ಪತ್ತೆ ಮಾಡಿದ್ದು ಪೊಲೀಸರಲ್ಲ. ಇಲಾರಿಯಾ ದುಡಿದಿದ್ದ ಅದೇ ಮೂರನೆಯ ವಾಹಿನಿಯ ಕಾರ್ಯಕ್ರಮವೊಂದರ ವರದಿಗಾರ್ತಿ. ತಾನು ಸುಳ್ಳು ಹೇಳಿದ್ದೆನೆಂದೂ, ಹಾಗೆ ಹೇಳಿದರೆ ಹಣವೂ ಸೋಮಾಲಿಯಾದಿಂದ ಹೊರಬರುವ ದಾರಿಯೂ ಸಿಗುವುದೆಂಬ ಭರವಸೆ ಇತ್ತೆಂದೂ ಅವನು ಒಪ್ಪಿಕೊಂಡನು. 2016ರ ಅಕ್ಟೋಬರ್ 19ರಂದು ಪೆರುಜಾ ನಗರದ ಮೇಲ್ಮನವಿ ನ್ಯಾಯಾಲಯ ಹಾಶಿಯನ್ನು ದೋಷಮುಕ್ತಗೊಳಿಸಿತು. ಅಷ್ಟರಲ್ಲಿ ಅವನ ಸುಮಾರು ಹದಿನೇಳು ವರ್ಷಗಳು ಸೆರೆಯಲ್ಲಿ ಕಳೆದಿದ್ದವು. ಇಟಲಿ ಸರ್ಕಾರ 30 ಲಕ್ಷ ಯೂರೋಗೂ ಮಿಕ್ಕ ಪರಿಹಾರ ನೀಡಬೇಕೆಂದು ಆದೇಶವಾಯಿತು. ಸುಳ್ಳು ಹೇಳಿಸಿದವರು ಯಾರು ಎಂಬುದಕ್ಕೆ ಮಾತ್ರ ಉತ್ತರ ದೊರೆಯಲಿಲ್ಲ.

ಮುಪ್ಪಿನಲ್ಲಿ ದಣಿದ ಲುಚಾನಾ, ಇನ್ನು ಮುಂದೆ ನ್ಯಾಯಾಲಯದ ಕಚೇರಿಗಳಿಗೆ ಅಲೆಯುವುದನ್ನು ನಿಲ್ಲಿಸುವುದಾಗಿ 2017ರಲ್ಲಿ ತಿಳಿಸಿದರು. 2018ರ ಜೂನ್‌ನಲ್ಲಿ ಅವರೂ ಕಣ್ಮುಚ್ಚಿದರು. ಪ್ರಕರಣವನ್ನು ಮುಚ್ಚುವ ಕೋರಿಕೆ ಮರುವರ್ಷ ಮತ್ತೊಮ್ಮೆ ತಿರಸ್ಕೃತವಾಯಿತು. ಬಿಡುಗಡೆಯ ಬಳಿಕ ತಾಯ್ನಾಡಿಗೆ ಮರಳಿದ್ದ ಹಾಶಿ ಒಮರ್ ಹಸನ್ 2022ರ ಜುಲೈನಲ್ಲಿ ಮೊಗದಿಶುವಿನಲ್ಲಿ, ತನ್ನ ಕಾರಿನಲ್ಲಿ ಇಡಲಾಗಿದ್ದ ಬಾಂಬು ಸಿಡಿದು ಮೃತನಾದನು. ಅಂದು ಕಾಣೆಯಾದ ಟಿಪ್ಪಣಿ ಪುಸ್ತಕಗಳು ಈವರೆಗೆ ಸಿಕ್ಕಿಲ್ಲ.